ಮಾವಿನ ಹಲಗೆಯ ಕಂಪ್ಯೂಟರ್

2023ರ ಜುಲೈ ತಿಂಗಳು. ಮುಂಡಗೋಡದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಾನು ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದು ನಾಲ್ಕು ವರ್ಷವಾಗಿತ್ತು. ಅದಕ್ಕೂ ಮೊದಲು ಹದಿನೇಳು ವರ್ಷ ಹುಬ್ಬಳ್ಳಿಯ ಒಂದು ದಿನಪತ್ರಿಕೆಯಲ್ಲಿ ಪುಟ ಕಟ್ಟುವ ಕೆಲಸ ಮಾಡಿದ್ದೆ. ಸುದ್ದಿಮನೆಯ ಕಂಪ್ಯೂಟರ್ ಕೆಟ್ಟಾಗ ಬಿಚ್ಚಿ ನೋಡುವವಳೂ ನಾನೇ ಆಗಿದ್ದರಿಂದ ಈ ವಿದ್ಯೆ ಅಲ್ಲಿಯೇ ಕೈಗೆ ಹತ್ತಿತು. ಜೊತೆಗೆ ಎರಡು ಅಭ್ಯಾಸಗಳೂ ಹತ್ತಿದವು: ಕಂಡದ್ದನ್ನು ದಿನಾಂಕ, ಸಮಯ ಹಾಕಿ ಬರೆದಿಡುವುದು, ಖಚಿತವಾಗದ್ದನ್ನು ಅಚ್ಚಿಗೆ ಕೊಡದಿರುವುದು. ಈ ಪ್ರಕರಣದಲ್ಲಿ ಎರಡನೆಯದನ್ನು ನಾನು ಎರಡು ಸಲ ಮುರಿದೆ. ಮೊದಲನೆಯದು ಮಾನ ಕಾಯಿತು.

ಜುಲೈ ಮೊದಲ ವಾರದ ಸಂತೆಯ ದಿನ ಅಂಗಡಿಯ ಮುಂದೆ ಟಂಟಂ ಆಟೊ ಬಂದು ನಿಂತಿತು. ಅದರಿಂದ ಸನವಳ್ಳಿ ಕಡೆಯ ಬಡಿಗ ಇನಾಸಣ್ಣ ಮತ್ತು ಅವನ ಮಗಳು ರೋಜಿ ಇಳಿದರು. ನಮ್ಮ ಭಾಗದ ಸಿದ್ದಿ ಮನೆತನದವರು. ಅಪ್ಪನ ತೋಳಲ್ಲಿ ಕೌದಿ ಸುತ್ತಿದ ದೊಡ್ಡ ಗಂಟು, ಮಗಳ ಸೊಂಟದಲ್ಲಿ ಒಂಬತ್ತು ತಿಂಗಳ ಕೂಸು. ಕೌದಿ ಬಿಚ್ಚಿದಾಗ ಒಳಗಿದ್ದದ್ದು ಮಾವಿನ ಹಲಗೆಯಲ್ಲಿ ಮಾಡಿದ ಕಂಪ್ಯೂಟರ್ ಪೆಟ್ಟಿಗೆ. ಮೂಲೆಗಳಲ್ಲಿ ಹಲ್ಲಿಗೆ ಹಲ್ಲು ಕೂಡಿಸಿದ ಜೋಡಣೆ, ಗಾಳಿಯಾಡಲು ಸಾಲಾಗಿ ಕೊರೆದ ತೂತು. ಅಂಥ ಕ್ಯಾಬಿನೆಟ್ಟನ್ನು ನಾನು ಅದುವರೆಗೆ ನೋಡಿರಲಿಲ್ಲ.

ರೋಜಿ ಒಳಾಂಗಣ ವಿನ್ಯಾಸದಲ್ಲಿ ಡಿಪ್ಲೊಮಾ ಮಾಡಿದವಳು. ಹುಬ್ಬಳ್ಳಿಯ ಒಂದು ಸಂಸ್ಥೆಗೆ ಮನೆಯಿಂದಲೇ ಅಡುಗೆಮನೆ, ಕಪಾಟುಗಳ ತ್ರೀಡಿ ಚಿತ್ರ ಮಾಡಿಕೊಡುತ್ತಿದ್ದಳು. ಗಂಡ ಗೋವಾದಲ್ಲಿ ಲಾರಿ ಓಡಿಸುತ್ತಿದ್ದ. ಕೂಸು ಇದ್ದದ್ದರಿಂದ ತವರಿನಲ್ಲಿಯೇ ಉಳಿದಿದ್ದಳು. ಕಂಪ್ಯೂಟರಿನ ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿ, ವಿಡಿಯೊ ನೋಡಿ ತಾನೇ ಜೋಡಿಸಿದ್ದಳು. ಕ್ಯಾಬಿನೆಟ್ ಕೊಳ್ಳಲು ಹೊರಟಾಗ ಮಾತ್ರ ಇನಾಸಣ್ಣ ಅಡ್ಡ ಬಂದನಂತೆ. ಬಡಿಗನ ಮನೆಯವರು ತಗಡಿನ ಡಬ್ಬಿ ತರುವುದೆಂದರೇನು ಎಂದು ಎಂಟು ದಿನ ಕೂತು ಈ ಪೆಟ್ಟಿಗೆ ಮಾಡಿದ್ದ.

ಬೇಸಿಗೆಯೆಲ್ಲ ಅದು ಸರಿಯಾಗಿ ನಡೆದಿತ್ತು. ಜೂನ್ ಮಧ್ಯದಿಂದ ಕೆಲಸದ ನಡುವೆ ಪರದೆ ಕಪ್ಪಾಗಿ ‘ನೋ ಸಿಗ್ನಲ್’ ಎಂದು ತೋರಿಸುತ್ತಿತ್ತು. ಫ್ಯಾನು ತಿರುಗುತ್ತಿತ್ತು, ಸ್ಪೀಕರಿನಲ್ಲಿ ಮಾತೂ ಕೇಳುತ್ತಿತ್ತು, ಚಿತ್ರವಷ್ಟೇ ಇಲ್ಲ. ಚಿತ್ರವನ್ನು ಸಿದ್ಧಪಡಿಸಿ ಪರದೆಗೆ ಕಳಿಸುವುದು ಗ್ರಾಫಿಕ್ಸ್ ಕಾರ್ಡ್ ಎಂಬ ಭಾಗ. ಅದು ಮದರ್‌ಬೋರ್ಡ್ ಎಂಬ ಮುಖ್ಯ ಫಲಕದ ಉದ್ದನೆಯ ಸೀಳಿನಲ್ಲಿ, ಅಂದರೆ ಸ್ಲಾಟಿನಲ್ಲಿ, ಕೂತಿರುತ್ತದೆ. ಕಾರ್ಡ್, ಕೇಬಲ್, ಮಾನಿಟರ್, ವಿದ್ಯುತ್ ಪೂರೈಕೆ – ನಾಲ್ಕರಲ್ಲಿ ಯಾವುದು ಕೆಟ್ಟರೂ ಪರದೆ ಹೀಗೆ ಹೋಗಬಹುದು.

ರೋಜಿಗೆ ಸಂಸ್ಥೆಯಲ್ಲಿ ಆಗ ಪ್ರೊಬೇಷನ್ ಅವಧಿ. ಗ್ರಾಹಕರೊಂದಿಗಿನ ಮೀಟಿಂಗಿನಲ್ಲಿ ಆಗಲೇ ಎರಡು ಸಲ ಪರದೆ ಹೋಗಿತ್ತು. ಅವಳಿಗೆ ಅವರ ಮಾತು ಕೇಳುತ್ತಿತ್ತಂತೆ. ‘ಮೇಡಂ ಎಲ್ಲಿ ಹೋದ್ರು’ ಎಂದು ಅವರು ಕೇಳುವುದನ್ನು ಕಪ್ಪು ಪರದೆಯ ಮುಂದೆ ಕೂತು ಕೇಳಿಸಿಕೊಂಡಿದ್ದಳು.

ಎರಡು ದಿನ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಓಡಿಸಿದೆ. ಒಮ್ಮೆಯೂ ಪರದೆ ಹೋಗಲಿಲ್ಲ. ಕೇಬಲಿನ ಒಂದು ತುದಿ ಸಡಿಲವಿದ್ದಂತೆ ಕಂಡಿತು. ಅದನ್ನು ಬದಲಿಸಿ, ದೋಷ ಸಿಕ್ಕಿತು ಎಂದು ಹೇಳಿ ಕಳಿಸಿದೆ. ಇದು ನನ್ನ ಮೊದಲ ತಪ್ಪು. ಸಡಿಲ ಕಂಡದ್ದು ನಿಜ, ಅದೇ ಕಾರಣವೆಂಬುದಕ್ಕೆ ಸಾಕ್ಷಿ ಇರಲಿಲ್ಲ. ಅಷ್ಟಾದರೂ ಒಂದು ಬುದ್ಧಿ ಇತ್ತು: ಮತ್ತೆ ಹೀಗಾದರೆ ದಿನ, ಸಮಯ, ಆಗ ಮನೆಯಲ್ಲಿ ಏನು ನಡೆದಿತ್ತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು ಎಂದು ರೋಜಿಗೆ ಹೇಳಿದ್ದೆ.

ಪರದೆ ಮತ್ತೆ ಹೋಯಿತೆಂದು ನಾಲ್ಕನೇ ದಿನಕ್ಕೆ ರೋಜಿಯ ಫೋನ್ ಬಂತು. ಮನೆಗೆ ಹೋಗಿ ನೋಡಿದೆ. ವೈರಿಂಗ್ ಹಳೆಯದು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಇರಲೇ ಇಲ್ಲ. ಮಿಕ್ಸರ್ ಮುಟ್ಟಿದರೆ ಕೈ ಝುಂ ಅನ್ನುತ್ತಿತ್ತು. ಅಂಗಡಿಯಲ್ಲಿ ಸರಿ, ಮನೆಯಲ್ಲಿ ತಪ್ಪು ಎಂದಮೇಲೆ ದೋಷ ಮನೆಯ ಕರೆಂಟಿನದೇ ಎಂದು ತೀರ್ಮಾನಿಸಿದೆ. ನನ್ನ ಮಾತಿಗೆ ಇನಾಸಣ್ಣ ಮಳೆಯಲ್ಲಿ ನೆನೆಯುತ್ತ ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಲು, ಉಪ್ಪು ತುಂಬಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಹಾಕಿಸಿದ. ಆ ಮೂರು ದಿನ ಕಂಪ್ಯೂಟರ್ ನನ್ನ ಅಂಗಡಿಯಲ್ಲಿ ಮತ್ತೆ ನಿರಾತಂಕವಾಗಿ ಓಡುತ್ತಿತ್ತು. ಶನಿವಾರ ಮನೆಗೆ ಮರಳಿತು. ಮಂಗಳವಾರದವರೆಗೆ ಸರಿ ಇತ್ತು. ಬುಧವಾರ ಎರಡು ಸಲ ಪರದೆ ಹೋಯಿತು, ಅದರಲ್ಲಿ ಒಂದು ಸಲ ಮೀಟಿಂಗಿನ ನಡುವೆ.

ಈ ಸಲ ಸಂಸ್ಥೆಯವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಶುಕ್ರವಾರ ಹನ್ನೊಂದು ಗಂಟೆಗೆ ಒಬ್ಬ ಗ್ರಾಹಕರಿಗೆ ಅವರ ಅಡುಗೆಮನೆಯ ಪೂರ್ಣ ಚಿತ್ರ ತೋರಿಸಬೇಕು. ಅಂದೂ ಪರದೆ ಹೋದರೆ ಸೋಮವಾರದಿಂದ ಹುಬ್ಬಳ್ಳಿಯ ಕಚೇರಿಗೇ ಬರಬೇಕು, ಇಲ್ಲವೇ ಕೆಲಸ ಬಿಡಬೇಕು. ಎದೆಹಾಲು ಕುಡಿಯುವ ಕೂಸನ್ನು ಬಿಟ್ಟು ದಿನವೂ ಬಸ್ಸಿನಲ್ಲಿ ಹೋಗಿಬರುವುದು ಅವಳಿಂದಾಗದ ಮಾತು.

ಗುರುವಾರ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಅವರ ಮನೆಗೆ ಹೋದೆ. ಇನಾಸಣ್ಣ ಪಡಸಾಲೆಯಲ್ಲಿ ಉಳಿ ಮಸೆಯುತ್ತಿದ್ದ. ಅವನ ಬಾಯಲ್ಲಿ ನಾನು ‘ಬಾಯಾರ’, ಅಂದರೆ ಅಮ್ಮಾವರು. ತಲೆ ಎತ್ತದೆ ಹೇಳಿದ:

“ಬಾಯಾರ, ಗುಂಡಿ ಇನ್ನೆರಡು ಫೂಟ ತೋಡಿದ್ರ ನೀರರ ಬರ್ತಿತ್ತು ನೋಡ್ರಿ.”

ರೋಜಿ ಚಹಾ ತಂದಿಟ್ಟು, ಬಿಡಪ್ಪಾ, ಮಿಕ್ಸರ್ ಝುಂ ಅನ್ನೂದರ ನಿಂತೈತಿ ಎಂದು ನನ್ನ ಪರ ವಹಿಸಿದಳು. ನಾನು ಈ ಸಲ ಸ್ಕ್ರೂ ಡ್ರೈವರ್ ತೆಗೆಯಲಿಲ್ಲ. ನೋಟ್‌ಬುಕ್ ಕೇಳಿದೆ.

ಅವಳು ವರದಿಗಾರರೂ ನಾಚುವಷ್ಟು ಶಿಸ್ತಿನಿಂದ ಬರೆದಿದ್ದಳು. ಒಟ್ಟು ಒಂಬತ್ತು ನಮೂದು. ಸಮಯ ನೋಡಿದೆ: ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಏನೂ ಹೊಂದುತ್ತಿರಲಿಲ್ಲ. ಮಾಡುತ್ತಿದ್ದ ಕೆಲಸವೂ ಬೇರೆ ಬೇರೆ. ಆದರೆ ಒಂಬತ್ತೂ ನಮೂದುಗಳ ಮುಂದೆ ಒಂದೇ ಮಾತು ಮರಳಿ ಮರಳಿ ಬಂದಿತ್ತು: ‘ಕೂಸಿನ ಬಟ್ಟಿ ಒಣಗಿಲ್ಲ. ಫ್ಯಾನ್ ಹಚ್ಚಿದ್ದೆ.’ ಅವಳ ಅನುಮಾನ ಫ್ಯಾನಿನ ಮೇಲಿತ್ತು. ಫ್ಯಾನ್ ಹಚ್ಚಿ, ಆರಿಸಿ, ಮತ್ತೆ ಹಚ್ಚಿ ನೋಡಿದೆವು. ಪರದೆಗೆ ಏನೂ ಆಗಲಿಲ್ಲ. ಹಾಗಾದರೆ ಉಳಿದದ್ದು ಆ ವಾಕ್ಯದ ಮೊದಲ ಭಾಗ.

ಬಟ್ಟೆ ಒಣಗದ ದಿನವೆಂದರೆ ಎರಡು ಮೂರು ದಿನದಿಂದ ಬಿಡದೆ ಮಳೆ ಹಿಡಿದ ದಿನ. ನನ್ನ ಅಂಗಡಿಯಲ್ಲಾದರೋ ಮುಚ್ಚಿದ ಕೋಣೆಯಲ್ಲಿ ಆರೇಳು ಯಂತ್ರಗಳು ಸದಾ ಓಡುತ್ತ ಗಾಳಿ ಬಿಸಿಯಾಗಿ, ಒಣಗಿಕೊಂಡಿರುತ್ತದೆ. ಇಷ್ಟರವರೆಗೆ ಬಂದು ನಿಂತಿದ್ದೆ. ಅಷ್ಟರಲ್ಲಿ ಇನಾಸಣ್ಣ ಎದ್ದು ಹಿತ್ತಲ ಬಾಗಿಲಿಗೆ ಹೆಗಲು ಕೊಟ್ಟು ಗುಮ್ಮಿದ. ಎರಡನೇ ಏಟಿಗೆ ಬಾಗಿಲು ತೆರೆಯಿತು. ಬೇಸಿಗೆಯಲ್ಲೂ ಹೀಗೇನಾ ಎಂದು ಕೇಳಿದೆ.

“ಇಲ್ರಿ. ಮಳಿಗಾಲದಾಗ ಕಟ್ಟಿಗಿ ನೀರ ಕುಡಿತೈತಿ, ಉಬ್ಬತೈತಿ. ದೀಪಾವಳಿಗೆ ತಾನ ಸಡ್ಲ ಆಗ್ತೈತಿ...”

ಅವನು ಕಂಪ್ಯೂಟರಿನತ್ತ ತಿರುಗಿದ. ನಾನೂ ತಿರುಗಿದೆ.

ಪೆಟ್ಟಿಗೆಯ ಪಕ್ಕದ ಹಲಗೆ ತೆಗೆದು ಟಾರ್ಚ್ ಬಿಟ್ಟೆವು. ಮದರ್‌ಬೋರ್ಡನ್ನು ಅವನು ಪ್ಲೈವುಡ್ಡಿನ ಮೇಲೆ ಕೂರಿಸಿದ್ದ. ಗ್ರಾಫಿಕ್ಸ್ ಕಾರ್ಡಿನ ತುದಿಯನ್ನು ಮಾತ್ರ ಹಿಂದಿನ ಮಾವಿನ ಹಲಗೆಗೆ ಬಿಗಿದಿದ್ದ. ಪ್ಲೈವುಡ್ ಅಷ್ಟಾಗಿ ಉಬ್ಬುವುದಿಲ್ಲ, ಮಾವು ಅಡ್ಡಡ್ಡ ಉಬ್ಬುತ್ತದೆ. ಉಬ್ಬಿದ ಹಲಗೆ ಕಾರ್ಡಿನ ಆ ತುದಿಯನ್ನು ಸ್ಲಾಟಿನಿಂದ ಹೊರಕ್ಕೆ ಎಳೆಯುತ್ತಿತ್ತು. ರೋಜಿ ಕೂಸಿನ ಲಸಿಕೆ ಚೀಟಿಯ ಅಂಚನ್ನು ಸಂದಿಗೆ ತೂರಿಸಿದಳು. ಒಂದು ತುದಿಯಲ್ಲಿ ಅದು ಒಳಗೆ ಹೋಯಿತು, ಇನ್ನೊಂದು ತುದಿಯಲ್ಲಿ ಹೋಗಲಿಲ್ಲ. ಅಷ್ಟೇ ಅಂತರ. ಅಂಗಡಿಗೆ ಬಂದಾಗ ಹಲಗೆ ಒಣಗಿ ಕಾರ್ಡು ತಾನೇ ಸ್ವಸ್ಥಾನಕ್ಕೆ ಬರುತ್ತಿತ್ತು. ಮನೆಗೆ ಹೋದ ಮೂರ್ನಾಲ್ಕು ದಿನಕ್ಕೆ ಮತ್ತೆ ಏಳುತ್ತಿತ್ತು.

ಇನಾಸಣ್ಣ ನೆಲದ ಮೇಲೆ ಕೂತುಬಿಟ್ಟ.

“ಮೇಜಿನ ಹಲಗಿ ಕೂಡ್ರಸೂ ಮುಂದ ಸಂದ ಬಿಡ್ತೇನ್ರಿ ಬಾಯಾರ. ಮೂವತ್ತ ವರ್ಷ ಆತು, ಒಮ್ಮೆನೂ ಮರ್ತಿಲ್ಲ. ಇದು ಮಷಿನ್ ಐತಿ, ಅಳ್ಳಾಡಬಾರದು ಅಂತ ಬಿಗದ ಬಿಟ್ಟೆ.”

“ನಿನ್ನ ಹಲಗಿ ಸಂಬಂಧ ನೀನ ಗುಂಡಿ ತೋಡಿದಿ ನೋಡಪ್ಪಾ,” ಎಂದಳು ರೋಜಿ. ಎಷ್ಟೋ ದಿನಗಳ ಮೇಲೆ ಅವಳು ನಕ್ಕದ್ದು ಅಂದೇ ಇರಬೇಕು.

ಅಂಗಡಿಯಲ್ಲಿ ಖಾಲಿ ತಗಡಿನ ಕ್ಯಾಬಿನೆಟ್ ಇತ್ತು, ಅದಕ್ಕೆ ಎಲ್ಲವನ್ನೂ ಸಾಗಿಸಿಬಿಡೋಣ ಎಂದೆ. ಇನಾಸಣ್ಣ ಒಪ್ಪಲಿಲ್ಲ. ತಗಡು ಒಳಗಿರಲಿ, ಕಟ್ಟಿಗೆ ಹೊರಗಿರಲಿ ಎಂಬುದು ಅವನ ವಾದ. ತಾಂತ್ರಿಕವಾಗಿಯೂ ಅದು ಸರಿಯೇ. ಮದರ್‌ಬೋರ್ಡ್ ಮತ್ತು ಕಾರ್ಡ್ ಎರಡೂ ಒಂದೇ ಲೋಹದ ಚೌಕಟ್ಟಿಗೆ ಅಂಟಿಕೊಂಡಿದ್ದರೆ ಹೊರಗಿನ ಮರ ಎಷ್ಟು ಉಬ್ಬಿದರೂ ಅವುಗಳ ನಡುವಿನ ಅಂತರ ಬದಲಾಗುವುದಿಲ್ಲ. ಅಂಗಡಿಯ ಆ ಕ್ಯಾಬಿನೆಟ್ಟಿನ ಒಳತಟ್ಟೆ ಕತ್ತರಿಸಿ ತಂದೆ. ಅವನು ಅದನ್ನು ಪೆಟ್ಟಿಗೆಯೊಳಗೆ ಕೂರಿಸಿ, ಹಲಗೆಯಲ್ಲಿ ಸ್ಕ್ರೂಗಳಿಗೆ ದುಂಡು ತೂತಿನ ಬದಲು ಉದ್ದನೆಯ ತೂತು ಕೊರೆದ. ಮರಕ್ಕೆ ಸರಿದಾಡಲು ಜಾಗವಾಯಿತು. ಕಾರ್ಡನ್ನು ಒತ್ತಿದಾಗ ಸ್ಲಾಟಿನ ಕೊಕ್ಕೆ ಟಕ್ ಎಂದಿತು. ಸಂಜೆ ನಾಲ್ಕು ಗಂಟೆಗೆ ಕೆಲಸ ಮುಗಿಯಿತು. ಈ ಸಲ ನಾನು ‘ಸರಿಯಾಯಿತು’ ಎಂದು ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಳೆ ಹೊಡೆಯುತ್ತಿತ್ತು. ಹತ್ತೂವರೆಗೆ ಅವರ ಮನೆ ತಲುಪಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಾಗಿಲ ಬಳಿ ಕೂತೆ. ಮೀಟಿಂಗ್ ಹನ್ನೊಂದಕ್ಕೆ ಶುರುವಾಯಿತು. ಹನ್ನೊಂದು ಇಪ್ಪತ್ತಕ್ಕೆ ಕರೆಂಟ್ ಹೋಗಿ, ಯುಪಿಎಸ್ ಕೀಂ ಎಂದಾಗ ರೋಜಿಯ ಕೈ ಮೌಸಿನ ಮೇಲೆ ನಿಂತುಬಿಟ್ಟಿತು. ಪರದೆ ಹೋಗಲಿಲ್ಲ. ಒಂದೆರಡು ನಿಮಿಷಕ್ಕೆ ಕರೆಂಟ್ ಬಂತು. ಗ್ರಾಹಕರು ಸಿಂಕಿನ ಪಕ್ಕದ ಕಪಾಟು ತೆರೆದು ತೋರಿಸಲು ಕೇಳಿದರು. ಪರದೆಯ ಮೇಲೆ ಕಪಾಟು ತೆರೆಯಿತು. ಪಡಸಾಲೆಯಲ್ಲಿ ಇನಾಸಣ್ಣ ನಿನ್ನೆಯ ಅದೇ ಉಳಿಯನ್ನು ಅಷ್ಟೂ ಹೊತ್ತು ಮಸೆಯುತ್ತಿದ್ದ. ಐವತ್ತು ನಿಮಿಷದ ಮೇಲೆ ರೋಜಿ ಹೆಡ್‌ಫೋನ್ ತೆಗೆದಿಟ್ಟು ಹೊರಗೆ ಬಂದು ಅಪ್ಪನಿಗೆ ಹೇಳಿದ್ದು ಇಷ್ಟೇ:

“ಮನ್ಯಾಗಿಂದನ ಮಾಡ್ರಿ ಅಂದ್ರು.”

ಇನಾಸಣ್ಣ ಉಳಿಯನ್ನು ಹೆಬ್ಬೆರಳಿಗೆ ತಾಗಿಸಿ ನೋಡಿದ. ಮಸೆದು ಮಸೆದು ಅರ್ಧ ಸವೆದು ಹೋಗಿದೆ, ಅದರ ಲೆಕ್ಕವೂ ಬಾಯಾರ ಮ್ಯಾಲ ಎಂದ.

ಯಂತ್ರ ನನ್ನ ಮೇಜಿನ ಮೇಲೆ ಹೇಗಿದೆ ಎಂಬುದು ಅರ್ಧ ವರದಿ. ಅದು ಇರುವ ಮನೆ, ಆ ಮನೆಯ ಗಾಳಿ, ಅದನ್ನು ಮಾಡಿದ ಕೈ ಸೇರಿದಾಗಲೇ ವರದಿ ಪೂರ್ಣ. ಅಂಗಡಿಯಲ್ಲಿ ಸಿಗದ ದೋಷವನ್ನು ‘ಇಲ್ಲ’ ಎಂದು ಬರೆಯಬಾರದು, ‘ಕಂಡಿಲ್ಲ’ ಎಂದಷ್ಟೇ ಬರೆಯಬೇಕು. ಸುದ್ದಿಮನೆಯಲ್ಲಿ ಕಲಿತ ಈ ಪಾಠವನ್ನು ಇನಾಸಣ್ಣನ ಪೆಟ್ಟಿಗೆ ನನಗೆ ಎರಡನೇ ಸಲ ಕಲಿಸಿತು. ಈಗ ಮಳೆಗಾಲದಲ್ಲಿ ರಿಪೇರಿಗೆ ಬಂದವರನ್ನು ಮೊದಲು ಕೇಳುವುದು, ಮನೆಯಲ್ಲಿ ಬಟ್ಟೆ ಒಣಗುತ್ತಿದೆಯೇ ಎಂದು. ಕೆಲವರು ನಗುತ್ತಾರೆ. ನಕ್ಕವರಿಗೆ ರೋಜಿ ಕೊಟ್ಟ ನೋಟ್‌ಬುಕ್ಕಿನ ಕೊನೆಯ ನಮೂದು ತೋರಿಸುತ್ತೇನೆ:

‘ಶುಕ್ರವಾರ. ಬಟ್ಟಿ ಒಣಗಿಲ್ಲ. ಸ್ಕ್ರೀನ್ ಹೋಗಲಿಲ್ಲ.’