ಸೀರೆ ಅಂಗಡಿಯ ಮೆಟ್ಟಿಲಲ್ಲಿ ಆರುನೂರು ಗೊಂಬೆ

2003ನೇ ಇಸವಿ. ನಾನಾಗ ಮದ್ರಾಸಿನಲ್ಲಿ ಶೂಟಿಂಗಿಗೆ ಗುಂಪಿನ ಜನ ಒದಗಿಸುವ ಏಜೆಂಟ್. ಓದಿದ್ದು ನಾಲ್ಕನೇ ಕ್ಲಾಸು. ಮದುವೆಯೋ ಮೆರವಣಿಗೆಯೋ, ಯಾವ ಸೀನ್ ಆದರೂ ಇನ್ನೂರು ಜನರನ್ನು ನಿಲ್ಲಿಸಿ ನಡೆಸುವುದು ನನ್ನ ಕೆಲಸ.

ಅಲ್ಲೇ ಗಿಂಡಿ ಬಡಾವಣೆಯ ಒಂದು ಕಂಪ್ಯೂಟರ್ ಕಂಪನಿಯಿಂದ ಶ್ರೀಧರ ಅನ್ನುವ ಇಂಜಿನಿಯರ್ ನನ್ನನ್ನು ಹುಡುಕಿಕೊಂಡು ಬಂದ. ಅಣ್ಣಾ ನಗರದ ವೈಷ್ಣವರ ಮನೆಯವನು, ಮನೆಮಾತು ಕನ್ನಡವೇ. ಟಿ. ನಗರದಲ್ಲಿ ಐದು ಮಹಡಿಯ ಸೀರೆ ಅಂಗಡಿ ಕಟ್ಟಲಿದ್ದ ಯಜಮಾನರೊಬ್ಬರು, ಹಬ್ಬದ ಜನ ಮೆಟ್ಟಿಲು ಹೇಗೆ ಹತ್ತಿಳಿಯುತ್ತಾರೆ ಅಂತ ಮೊದಲೇ ಪರದೆಯ ಮೇಲೆ ನೋಡಬೇಕು ಅಂದಿದ್ದರಂತೆ. ಎರಡು ಸಲ ತೋರಿಸಿದರೂ "ಇವರು ಜನರೇ ಅಲ್ಲ" ಅಂದುಬಿಟ್ಟಿದ್ದರು. ಮೂರನೇ ಸಲವೂ ಒಪ್ಪದಿದ್ದರೆ ಶ್ರೀಧರನೂ ಸೇರಿ ನಾಲ್ವರ ಕೆಲಸ ಹೋಗುತ್ತಿತ್ತು.

ಹೋಗಿ ನೋಡಿದೆ. ಪರದೆಯ ಮೇಲೆ ಆರುನೂರು ಗೊಂಬೆ. ಸಿನಿಮಾದ ಹಾಗೆ ಮೊದಲೇ ತೆಗೆದಿಟ್ಟದ್ದಲ್ಲ. ಮೌಸ್ ತಿರುಗಿಸಿದ ಕಡೆ ನೋಟ ತಿರುಗಬೇಕು, ಕಂಪ್ಯೂಟರ್ ಸೆಕೆಂಡಿಗೆ ಇಪ್ಪತ್ತೈದು ಸಲ ಎಲ್ಲರನ್ನೂ ಹೊಸದಾಗಿ ಬಿಡಿಸಬೇಕು. ರಿಯಲ್-ಟೈಮ್ ರೆಂಡರಿಂಗ್ ಅಂದರೆ ಅದೇ. ದೂರದವರನ್ನು ಚಪ್ಪಟೆ ಚಿತ್ರ ಮಾಡಿ ಕಂಪ್ಯೂಟರಿನ ಹೊರೆ ಇಳಿಸಿದ್ದರು. ಅದು ಸರಿ, ಹಿಂದಿನ ಸಾಲಿಗೆ ನಾವೂ ಮೇಕಪ್ ಹಾಕುವುದಿಲ್ಲ. ಆದರೂ ಮೆಟ್ಟಿಲ ಹತ್ತಿರ ಚಿತ್ರ ತಡವರಿಸುತ್ತಿತ್ತು.

"ಏನಪ್ಪಾ, ನಿಮ್ಮ ಮನೆ ಮಡೀನ ಇಲ್ಲಿಗೂ ತಂದ್ಯಾ? ಒಬ್ಬರಿಗೊಬ್ಬರು ತಾಗದೆ ಹೋಗ್ತಿದಾರೆ" ಅಂದೆ.

"ಒಬ್ಬರ ಮೈಯೊಳಗೆ ಇನ್ನೊಬ್ಬರು ತೂರಬಾರದು ಅಂತ ಪ್ರತಿಯೊಬ್ಬರಿಗೂ ಬೇರೆ ದಾರಿ ಲೆಕ್ಕ ಹಾಕಿಸಿದೀವಮ್ಮ. ಇನ್ನೆಷ್ಟು ಥರ ಮುಖ ಸೇರಿಸಲಿ, ಅದನ್ನ ಹೇಳಿ."

"ಮುಖ ಯಾರು ನೋಡ್ತಾರೆ? ಸೀರೆ ಅಂಗಡಿಗೆ ಯಾವಳಯ್ಯಾ ಒಬ್ಬಳೇ ಹೋಗ್ತಾಳೆ?"

ನನ್ನ ಜನರನ್ನು ನಾನು ಒಬ್ಬೊಬ್ಬರಾಗಿ ಬಿಟ್ಟವಳಲ್ಲ. ಮೂರು ಮೂರು ಜನರ ಕಟ್ಟು ಮಾಡುತ್ತಿದ್ದೆ. ಒಬ್ಬಳಿಗೆ ದಾರಿ ಹೇಳಿದರೆ ಸಾಕು. ಮಿಕ್ಕಿಬ್ಬರು ಅವಳನ್ನು ನೋಡಿಕೊಂಡು ಹೋಗಬೇಕು, ಅವರು ಹಿಂದೆ ಬಿದ್ದರೆ ಅವಳು ನಿಲ್ಲಬೇಕು. ಅದನ್ನೇ ಹೇಳಿದೆ. ಶ್ರೀಧರ ಕಾಗದದ ಮೇಲೆ ಆರುನೂರನ್ನು ಮೂರರಿಂದ ಭಾಗಿಸಿದ.

"ಹಾಗಾದ್ರೆ ಇನ್ನೂರು ಜನರ ದಾರಿ ಲೆಕ್ಕ ಹಾಕಿದ್ರೆ ಸಾಕು" ಅಂದ.

ಒಂದು ವಾರ ಕೂತು ಮಾಡಿದರು. ತಡವರಿಕೆ ನಿಂತಿತು.

ಯಜಮಾನರು ಬಂದ ದಿನ ನಾನೂ ಇದ್ದೆ. ಮೌಸ್ ತಿರುಗಿಸಿ ಐದೂ ಮಹಡಿ ನೋಡಿದರು. ಆಮೇಲೆ ಪರದೆಗೆ ಬೆರಳಿಟ್ಟು, "ಈಯಮ್ಮ ಮೆಟ್ಟಿಲ ನಡುವೆ ಯಾಕೆ ನಿಂತರು? ಹಿಂದಿನವರಿಗೆ ದಾರಿ ಇಲ್ಲವಲ್ಲ" ಅಂದರು.

"ಜೊತೆಯವರಿಗೆ ಕಾಯ್ತಿದಾರೆ ಸಾರ್" ಅಂದ ಶ್ರೀಧರ.

"ಹಾಗಾದರೆ ಮೆಟ್ಟಿಲು ಅಗಲ ಮಾಡಿಸಬೇಕು" ಅಂದರು ಯಜಮಾನರು.

ನಾಲ್ವರ ಕೆಲಸ ಉಳಿಯಿತು. ಗುಂಪು ಸೇರಿಸುವವರಿಗೆ ನಾನು ಹೇಳುವುದಿಷ್ಟೇ: ಯಾರು ಯಾರಿಗೆ ಕಾಯುತ್ತಾರೆ ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಎಷ್ಟು ತಲೆ ಅನ್ನುವುದು ಆಮೇಲಿನ ಮಾತು.