ಕಾರ್ತಿಕದ ಹೊಂಗೆ ಹೂವು

ನನ್ನ ಮೊದಲ ಕವನ ಸಂಕಲನದ ಕರಡು ನೋಡಲೆಂದು ಬಳ್ಳಾರಿಯಿಂದ ರೈಲು ಹತ್ತಿ, ಬೆಳಿಗ್ಗೆ ಚಾಮರಾಜಪೇಟೆಯ ಮುದ್ರಣಾಲಯಕ್ಕೆ ಬಂದೆ. ಇಲ್ಲಿ ಕರಡು ತಿದ್ದುವವರು ವನಜಾಕ್ಷಮ್ಮ, ಅರವತ್ತು ದಾಟಿದವರು. ಅಕ್ಷರದ ತಪ್ಪಿಗೆ ಅವರದು ಕೆಂಪು ಪೆನ್ಸಿಲ್, ಗಿಡಮರಗಳ ತಪ್ಪಿಗೆ ಹಸಿರು. ಇಂಥ ಪದ್ಧತಿಯನ್ನು ನಾನೆಲ್ಲೂ ಕಂಡಿರಲಿಲ್ಲ. ನನ್ನ ಹಾಳೆಗಳಲ್ಲಿ ಹಸಿರೇ ಜಾಸ್ತಿ.

“ಕಾರ್ತಿಕದಲ್ಲಿ ಹೊಂಗೆ ಹೂ ಉದುರಿಸಿದೀರಲ್ಲ?” ಎಂದರು.

“ವಿರಹದ ಪದ್ಯ ರೀ ಅದು. ಹೂವು ಉದುರ್ಲೇಬೇಕು,” ಎಂದೆ, ಸ್ವಲ್ಪ ಬಿಗಿಯಾಗಿಯೇ.

“ನಿಮ್ಮ ವಿರಹಕ್ಕೆ ಮರ ಯಾಕ್ರೀ ಹೊತ್ತಲ್ಲದ ಹೊತ್ತಲ್ಲಿ ಹೂ ಬಿಡ್ಬೇಕು? ಬನ್ನಿ ಹೊರಗೆ.”

ಯುಗಾದಿಗೆ ಇನ್ನೊಂದು ವಾರವಿತ್ತು. ಬಾಗಿಲೆದುರಿನ ಹೊಂಗೆ ಮರದ ತುಂಬ ಎಳೆ ಎಲೆ, ನಸುಗೆಂಪು ಹೂವು, ಜೇನ್ನೊಣಗಳ ಗುಂಯ್ ಸದ್ದು. ಕೆಳಗೆ ನಿಂತ ಸ್ಕೂಟರುಗಳ ಸೀಟಿನ ಮೇಲೆಲ್ಲ ಹೂವು. ನಮ್ಮ ಮನೆಯೆದುರೂ ಹೊಂಗೆಯಿದೆ. ಇಪ್ಪತ್ತು ವರ್ಷದಿಂದ ಅದರ ನೆರಳಲ್ಲೇ ಬೈಕು ನಿಲ್ಲಿಸುತ್ತಿದ್ದೇನೆ. ಅದು ಯಾವಾಗ ಹೂ ಬಿಡುತ್ತದೆಂದು ಕೇಳಿದರೆ ಹೇಳಲಾರೆ.

ಅವರ ಹಸಿರು ಪೆನ್ಸಿಲನ್ನೇ ಕೇಳಿ ತೆಗೆದುಕೊಂಡು, ನಿಂತಲ್ಲೇ ‘ಕಾರ್ತಿಕ’ವನ್ನು ಹೊಡೆದುಹಾಕಿದೆ. ಅದರ ಹಿಂದೆಯೇ ವಿರಹವೂ ಹೋಯಿತು. ಆ ಜಾಗದಲ್ಲಿ ಏನು ಬರೆಯಲೆಂದು ಮರವನ್ನು ನೋಡುತ್ತಿದ್ದೆ. ಬೀದಿ ಗುಡಿಸುತ್ತಿದ್ದ ಹೆಂಗಸೊಬ್ಬರು ನನ್ನ ಕಾಲ ಬಳಿಗೆ ಪೊರಕೆ ತಂದರು.

“ಸ್ವಲ್ಪ ಪಕ್ಕಕ್ಕೆ ಬನ್ನಿ ಸಾರ್. ಇನ್ನೂ ಬೇಜಾನ್ ಬೀಳೋದೈತೆ.”