ಕಾಕುವಿನ ಎಡಗಾಲು

ಮೊನ್ನೆ ಸೊಸೆ ನನ್ನ ಸೊಂಟಕ್ಕೆಂದು ಎಣ್ಣೆ ಕಾಯಿಸುತ್ತಿದ್ದಳು. ಅಜವಾನ, ಬೆಳ್ಳುಳ್ಳಿ ಎಣ್ಣೆಯಲ್ಲಿ ಕರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ದಾಂಡೇಲಿಯ ಮಿಲ್ ಕ್ವಾರ್ಟರ್ಸಿನ ನಮ್ಮ ಹಳೆಯ ಲೈನು ಕಣ್ಣ ಮುಂದೆ ಬಂತು. ಪಕ್ಕದ ಮನೆಯ ಕಾಕು ನೆನಪಾದರು. ರಕ್ತಸಂಬಂಧವೇನಿಲ್ಲ. ಧಾರವಾಡದ ಕಡೆಯಿಂದ ಕೆಲಸಕ್ಕೆ ಬಂದ ಮಂದಿ ನಾವು. ಇಡೀ ಲೈನಿಗೇ ಅವರು ಕಾಕು, ಅವರ ಗಂಡ ಕಾಕಾ.

ಕಾಕು ಕಾಲು ಮುಂದಾಗಿ ಹುಟ್ಟಿದವರು. ಅಂಥವರ ಕಾಲಿನಲ್ಲಿ ಗುಣವಿರುತ್ತದೆ ಎಂದು ನಮ್ಮ ಕಡೆ ನಂಬಿಕೆ. ಸೊಂಟಕ್ಕೆ ಚಳಕು ಹಿಡಿದವರು ಬೆಳಗ್ಗೆ ಚಹಾ ಕೂಡ ಕುಡಿಯದೆ ಬಂದು ಅವರ ಪಡಸಾಲೆಯ ಕಂಬಳಿಯ ಮೇಲೆ ಬೋರಲಾಗಿ ಮಲಗುತ್ತಿದ್ದರು. ಕಾಕು ಆ ಎಣ್ಣೆಯನ್ನು ಎಡಗಾಲಿಗೆ ಸವರಿಕೊಂಡು, "ಶಿವಾ, ಕಾಲ ನಂದು, ಗುಣ ನಿಂದು" ಎಂದು ಹಗುರವಾಗಿ ತುಳಿಯುತ್ತಿದ್ದರು. ತುಳಿದ ಮೇಲೆ, ಮಲಗಿದವರು ಎಷ್ಟು ಚಿಕ್ಕವರೇ ಇರಲಿ, ಕಾಕುವೇ ಬಾಗಿ ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವರು. ಮನುಷ್ಯರಿಗೆ ಕಾಲು ತಾಗಿಸಿದ ತಪ್ಪಿಗೆ ಅದು ಕ್ಷಮೆ. ದೊಡ್ಡ ಹೊಟ್ಟೆಯ ಗಂಡಸರು ಆ ಪುಟ್ಟ ಹೆಂಗಸಿನ ಕಾಲಡಿ ಮುಲುಗುವುದನ್ನು ನೋಡಿ ನಾವು ಸೆರಗು ಬಾಯಿಗಿಟ್ಟು ನಗುತ್ತಿದ್ದೆವು. ನಾನೂ ಒಮ್ಮೆ ಮಲಗಿದ್ದೇನೆ. ನೋವು ತಾನಾಗಿ ಹೋಯಿತೋ, ಕಾಕು ತುಳಿದರೆಂದು ಹೋಯಿತೋ... ಮಧ್ಯಾಹ್ನಕ್ಕೆ ಎದ್ದು ನೀರು ತುಂಬಿದ್ದಂತೂ ನಿಜ.

ಅವರದೊಂದು ನಿಯಮವಿತ್ತು. ನೋವು ಸೊಂಟದಿಂದ ಕಾಲಿಗೆ ಇಳಿದಿದ್ದರೆ ಮಾತ್ರ ಮುಟ್ಟುತ್ತಿರಲಿಲ್ಲ. "ಇದು ಚಳಕ ಅಲ್ಲರಿ, ನರದ್ದೈತಿ. ಡಾಕ್ಟರಿಗೆ ತೋರಸ್ರಿ" ಎಂದು ಎಬ್ಬಿಸಿ ಕಳಿಸುತ್ತಿದ್ದರು.

ಅಂಥ ಕಾಕುವಿಗೇ ಆ ನೋವು ಬಂತು. ಎಡಗಡೆಯ ಕುಂಡಿಯಿಂದ ಹಿಮ್ಮಡದವರೆಗೆ ಕರೆಂಟು ಹೊಡೆದ ಹಾಗೆ ಇಳಿಯುತ್ತಿತ್ತು. ಕೂತರೆ ನಿಲ್ಲಬೇಕು, ನಿಂತರೆ ಮಲಗಬೇಕು. ಮಾತ್ರೆ ನುಂಗಿದರು, ಬೆಲ್ಟು ಕಟ್ಟಿದರು, ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಕೊನೆಗೆ ಕಾಕಾನನ್ನು ಕರೆದುಕೊಂಡು ಬಸ್ಸು ಹತ್ತಿ ಸಾಂಬ್ರಾಣಿ ಎಂಬ ಹಳ್ಳಿಗೆ ಹೋದರು. ಅಲ್ಲೊಬ್ಬ ಮುದುಕರು, ಅವರೂ ಕಾಲು ಮುಂದಾಗಿ ಹುಟ್ಟಿದವರು. "ಕಾಲಿಗೂ ಇಳದೈತೇನವಾ?" ಎಂದು ಕೇಳಿದರಂತೆ ಆ ಅಜ್ಜ. "ಇಲ್ರೀ, ಸೊಂಟಷ್ಟ" ಎಂದು ಹೇಳಿ ಕಾಕು ಮಲಗಿಬಿಟ್ಟರು, ಅಜ್ಜ ತುಳಿದರು. ಇಡೀ ಊರಿಗೆ ಹೇಳಿದ ಮಾತನ್ನು ತಮಗೆ ಮಾತ್ರ ಹೇಳಿಕೊಳ್ಳಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆಮೇಲೆ ಪಾಪ ಅನಿಸುತ್ತದೆ.

ಮರುದಿನ ನಳದ ಕಡೆ ಹೊರಟವರ ಎಡಗಾಲಿನ ಚಪ್ಪಲಿ ಹಿಂದೆಯೇ ಬಿದ್ದಿತ್ತು, ಅವರಿಗೆ ಗೊತ್ತೇ ಇಲ್ಲ. ನಾನು ತಂದುಕೊಟ್ಟೆ. ಮುಂಗಾಲು ಮೇಲೇಳುತ್ತಿರಲಿಲ್ಲ. ಹುಬ್ಬಳ್ಳಿಯ ಡಾಕ್ಟರು ಸ್ಕ್ಯಾನು ನೋಡಿ ಸುತ್ತುಬಳಸದೆ ಹೇಳಿದರು. ಬೆನ್ನೆಲುಬುಗಳ ನಡುವಿನ ಗಾದಿ ಜಾರಿ ನರವನ್ನು ಒತ್ತಿದೆ, ಬೇಗ ಆಪರೇಶನ್ ಆದರೆ ನೋವು ಹೋಗಬಹುದು. ಕಾಲಿನ ಶಕ್ತಿ ಎಷ್ಟು ವಾಪಸು ಬರುತ್ತದೆಂದು ಹೇಳಲಾಗದು, ತಡವಾದಷ್ಟೂ ಕಷ್ಟ. ಕಾಕು ವಿಚಾರ ಮಾಡಿ ಹೇಳುತ್ತೇನೆಂದು ಎದ್ದು ಬಂದರು.

ಆಮೇಲೆ ಶುರುವಾಯಿತು ಲೈನಿನ ಹೆಂಗಸರ ಪಂಚಾಯಿತಿ. ಬೆನ್ನಿಗೆ ಚಾಕು ಹಾಕಿಸಿಕೊಂಡು ಹಾಸಿಗೆ ಹಿಡಿದವರ ಕಥೆ ಎಲ್ಲರ ಬಳಿಯೂ ಒಂದೊಂದು ಇತ್ತು. "ಬೆನ್ನ ಕೊಯ್ದ್ರ ಕಾಲಿನ ಗುಣ ಹೊಕ್ಕೈತಿ ಕಾಕು" ಎಂದಳು ಒಬ್ಬಳು. ಆ ಮಾತು ನಾಟಿತು. ಹಾಸಿಗೆ ಹಿಡಿಯುವುದಕ್ಕಿಂತ ಅದಕ್ಕೇ ಅವರು ಹೆದರಿದ್ದರು. ಮಕ್ಕಳಿಲ್ಲದ ಹೆಂಗಸು, ಮಂದಿ ಮನೆ ಬಾಗಿಲಿಗೆ ಬರುತ್ತಿದ್ದದ್ದು ಆ ಕಾಲಿಗಾಗಿ. ಕಾಕಾನನ್ನು ಕೇಳಿದರೆ, "ನೀ ಹೆಂಗಂತಿ ಹಂಗ" ಎಂದರು. "ಸೀರಿ ತರಾಕ ಹೊಂಟಂಗ ಮಾತಾಡ್ತೀರಿ" ಎಂದು ಕಾಕು ಮುಖ ತಿರುಗಿಸಿದರು.

ಒಂದು ಬೆಳಗ್ಗೆ ಜಳಕ ಮಾಡಿ ನೇರವಾಗಿ ನಮ್ಮ ಮನೆಗೆ ಬಂದರು, ಗೋಡೆ ಹಿಡಿದುಕೊಂಡು. ಸೀರೆಯ ನಿರಿಗೆ ಎತ್ತಿ ಪಾದ ತೋರಿಸಿದರು. ಕೆಂಪಗೆ ಬೊಬ್ಬೆ ಎದ್ದಿತ್ತು. ಬಿಸಿನೀರು ಬಿದ್ದದ್ದು ಕಣ್ಣಿಗೆ ಕಂಡಿತೇ ಹೊರತು ಕಾಲಿಗೆ ತಿಳಿದಿರಲಿಲ್ಲ.

"ಗುಣ ಆವಾಗ್ಲೇ ಹೋಗೈತಿ, ತಂಗಿ," ಎಂದರು. "ನಡೀ, ಹೋಗೂಣು. ಕೊಯ್ಯಲಿ."

ಆಪರೇಶನ್ ಆಯಿತು. ಎಚ್ಚರವಾದಾಗ ತೊಡೆಯ ಮೇಲೆ ಕೈಯಿಟ್ಟು, ಆ ಸುಡುವ ನೋವು ಎಲ್ಲಿ ಹೋಯಿತೆಂದು ಹುಡುಕುವವರ ಹಾಗೆ ಸವರಿದರು. ನೋವಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಆಮೇಲೆ ಡಾಕ್ಟರು ಬೀಗದ ಕೈಯಿಂದ ಪಾದದ ಮೇಲೆ ಗೀರಿ ಗೊತ್ತಾಗುತ್ತದೆಯೇ ಎಂದು ಕೇಳಿದರು. ಕಾಕು ಕತ್ತೆತ್ತಿ ಪಾದದ ಕಡೆ ನೋಡಿ, ಇಲ್ಲವೆಂದು ತಲೆಯಾಡಿಸಿದರು.

ಮನೆಗೆ ಬಂದ ಮೇಲಿನ ದಿನಗಳು ಬಾಣಂತನಕ್ಕಿಂತ ಕಷ್ಟದವು. ಏಳಬೇಕಾದರೆ ಮೊದಲು ಮಗ್ಗುಲಾಗಿ ಹೊರಳಬೇಕು. ಬಾಗುವ ಹಾಗಿಲ್ಲ, ನೆಲಕ್ಕೆ ಕೂಡುವ ಹಾಗಿಲ್ಲ, ತುಂಬಿದ ಕೊಡ ಎತ್ತುವ ಹಾಗಿಲ್ಲ. ನೆಲದ ಮೇಲೆ ಕೂತು ರೊಟ್ಟಿ ಬಡಿದ ಜೀವ ಕಟ್ಟೆಯ ಮುಂದೆ ನಿಂತು ಬಡಿಯಲು ಹೋಗಿ ಮೊದಲ ದಿನ ಎಲ್ಲವನ್ನೂ ಹರಿದು ಹಾಕಿತು. ನಾನು ನಕ್ಕೆ, ಅವರೂ ನಕ್ಕರು. ಪಾದ ಎತ್ತಿ ಇಳಿಸುವ ವ್ಯಾಯಾಮವನ್ನು ಜಪದ ಹಾಗೆ ಮಾಡಿದರು. ಮುಂಗಾಲು ಅರ್ಧಮರ್ಧ ಎದ್ದಿತು. ಹಿಂದೆ ಪಟ್ಟಿಯಿರುವ ಚಪ್ಪಲಿ ಹಾಕಿ ಸಂತೆಗೂ ಹೋಗಿಬಂದರು. ಸ್ಪರ್ಶ ಮಾತ್ರ ಬರಲಿಲ್ಲ.

ಹೀಗಿರುವಾಗ ಒಬ್ಬ ಚಳಕು ಹಿಡಿದವನು ಗೋಡೆ ಹಿಡಿದುಕೊಂಡು ಬಂದ. ಬಾಗುವಂತಿಲ್ಲ, ತುಳಿದ ಮೇಲೆ ನಿನ್ನ ಪಾದ ಹೇಗೆ ಮುಟ್ಟಲಿ ಎಂದು ಕಾಕು ನೆಪ ಹೇಳಿದರು. ಪಾದ ಮುಟ್ಟದಿದ್ದರೂ ನಡೆಯುತ್ತದೆ, ಸುಮ್ಮನೆ ಕಾಲು ತಾಗಿಸಿರಿ ಎಂದು ಅವನು ಹಟ ಹಿಡಿದ. ಆಗ ಕಾಕು ಮೆಲ್ಲಗೆ ಹೇಳಿದರು:

"ನಿನ್ನ ಸೊಂಟ ಎಲ್ಲೈತಿ ಅಂತ ನನ್ನ ಕಾಲಿಗೆ ತಿಳಿಯೂದಿಲ್ಲಪಾ. ಎಷ್ಟ ಭಾರ ಹಾಕ್ತೇನಿ ಅಂತೂ ತಿಳಿಯೂದಿಲ್ಲ. ಹೆಂಗ ತುಳೀಲಿ?"

ಅದಾದ ಮೇಲೆ ಬೆಳಗಿನ ಹೊತ್ತು ಆ ಬಾಗಿಲು ತಟ್ಟುವವರು ಕಡಿಮೆಯಾದರು, ಆಮೇಲೆ ಯಾರೂ ಬರಲಿಲ್ಲ. ಕಾಕು ಮಾತ್ರ ಹಳೆಯ ಹೊತ್ತಿಗೇ ಎದ್ದು, ತಲೆ ಬಾಚಿಕೊಂಡು ಪಡಸಾಲೆಯ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಕಾಕಾ ರಿಟೈರಾದ ಮೇಲೆ ಇಬ್ಬರೂ ಊರಿಗೆ ಹೋದರು. ಒಂದು ಶ್ರಾವಣದಲ್ಲಿ ಎದೆನೋವು ಬಂದು ಕಾಕು ತೀರಿಕೊಂಡರೆಂದು ಸುದ್ದಿ ಬಂತು. ಮಣ್ಣಿಗೆ ಹೋಗಲು ನನ್ನಿಂದ ಆಗಲಿಲ್ಲ.

ಈಗ ನಾನು ಹಳಿಯಾಳದಲ್ಲಿ ಮಗನ ಮನೆಯಲ್ಲಿದ್ದೇನೆ. ನನ್ನ ಬಲಗಾಲಿಗೆ ಅದೇ ನೋವು ಇಳಿದಿದೆ. ಆಪರೇಶನ್ನಿಗೆ ಒಪ್ಪಿಕೊಂಡಿದ್ದೇನೆ, ನಾಳೆ ಹುಬ್ಬಳ್ಳಿಗೆ ಹೊರಡಬೇಕು. ಇಲ್ಲೇ ನಮ್ಮ ಜಿಲ್ಲೆಯ ರಾಮನಗರದಲ್ಲಿ ಕಾಲು ಮುಂದಾಗಿ ಹುಟ್ಟಿದವರೊಬ್ಬರಿದ್ದಾರೆ, ಒಮ್ಮೆ ತುಳಿಸಿಕೊಳ್ಳಿ, ಏನು ಹೋಗುತ್ತದೆ ಎಂದು ಮೊನ್ನೆ ಎದುರು ಮನೆಯವರು ಹೇಳಿದರು. ಏನು ಹೋಗುತ್ತದೆಂದು ನಾನು ನೋಡಿದ್ದೇನೆ.

ಆದರೂ ಹೆದರಿಕೆಯಿದೆ. ಹೆದರಬೇಡ ಎನ್ನುವವರು ಮನೆ ತುಂಬ ಇದ್ದಾರೆ. ಬೆನ್ನು ಕೊಯ್ಯಿಸಿಕೊಂಡು, ಒಂದಿಷ್ಟು ಉಳಿಸಿಕೊಂಡು ಒಂದಿಷ್ಟು ಕಳೆದುಕೊಂಡು, ಮತ್ತೆ ನಿಂತು ರೊಟ್ಟಿ ಬಡಿದವರೆಂದು ನಾನು ಕಂಡದ್ದು ಒಬ್ಬರನ್ನೇ. ಕಾಕು, ಕೊಯ್ಯಿಸಿಕೊಂಡದ್ದು ನಿಮಗೆ ಸರಿ ಅನಿಸಿತಾ ಎಂದು ನಾನು ಯಾವತ್ತೂ ಕೇಳಲಿಲ್ಲ. ಆಗ ನೋವು ಅವರದಾಗಿತ್ತು, ಕೇಳಬೇಕೆಂದು ಹೊಳೆಯಲೇ ಇಲ್ಲ. ಈಗ ಕೇಳಬೇಕಾಗಿದೆ. ಅವರಿಲ್ಲ.